ಕೈಗವಸು ಮತ್ತು ಬರಿಗೈ

ಗವಸು ಎಂದರೆ ಹೊದಿಕೆ. ದಿಂಬಿಗೆ ಗವಸುಂಟು, ತಂಬೂರಿಗೆ ಗವಸುಂಟು. ಹಳೆಯ ಕಾವ್ಯಗಳನ್ನು ಓದಿದವರಿಗೆ ‘ಗವಸಣಿಗೆ’ ಎಂಬ ರೂಪವೂ ಪರಿಚಿತವೇ. ಹೊದಿಕೆಯ ಧರ್ಮ ಒಳಗಿನ ವಸ್ತುವನ್ನು ಕಾಯುವುದು; ಅದು ಮಾಡಬೇಕಾದ ಕೆಲಸವನ್ನು ತಾನು ಮಾಡುವುದಲ್ಲ. ತಂಬೂರಿಯ ಗವಸನ್ನು ಮೀಟಿ ಶ್ರುತಿ ಹಿಡಿದವರನ್ನು ನಾನಂತೂ ಕಂಡಿಲ್ಲ. ಆದ್ದರಿಂದ ಅಮೆರಿಕದವರು ಬೇಸ್‌ಬಾಲ್ ಆಟದಲ್ಲಿ ಕೈಗೆ ಹಾಕಿಕೊಳ್ಳುವ ಆ ದೊಡ್ಡ ಚರ್ಮದ ವಸ್ತುವಿಗೆ ಕನ್ನಡದಲ್ಲಿ ‘ಕೈಗವಸು’ ಎನ್ನುವುದು ಸರಿಯೇ ಎಂಬ ಸಂದೇಹ ನನಗೆ ಬಹುದಿನದಿಂದ ಉಂಟು. ಹುಟ್ಟುವಾಗ ಅದು ಗವಸೇ ಆಗಿತ್ತು. ಬೆಳೆಯುತ್ತ ಬೆಳೆಯುತ್ತ ಮೊರವಾಯಿತು. ಕೈಯನ್ನು ಕಾಯಲು ಬಂದದ್ದು ಕೈಗೆ ವಿಶ್ರಾಂತಿ ಕೊಟ್ಟು ತಾನೇ ಚೆಂಡು ಹಿಡಿಯಲು ನಿಂತಿತು.

ಇದನ್ನು ದೂರುವುದಕ್ಕೆಂದೇ ನಾನು ಹೊರಟಿಲ್ಲ. ಒಂದು ವಸ್ತುವಿನ ರೂಪ ನೂರು ವರ್ಷಗಳಲ್ಲಿ ಹೇಗೆ ಬದಲಾಯಿತು ಎಂಬುದನ್ನು ನೋಡಿದರೆ ಅದನ್ನು ಬಳಸಿದ ಜನರ ಮನಸ್ಸೂ ಕಾಣುತ್ತದೆ. ನಮ್ಮ ಕ್ರಿಕೆಟ್ ಬರಹಗಾರರಲ್ಲಿ ಬರಿಗೈಯ ವಿಷಯವಾಗಿ ಒಂದು ಬಗೆಯ ಭಕ್ತಿ ಬೆಳೆದಿದೆ. ಅದನ್ನು ತಕ್ಕಡಿಗೆ ಹಾಕಿ ನೋಡಬೇಕಾದರೆ ಎದುರು ತಟ್ಟೆಯಲ್ಲಿ ಇಡಲು ಬೇಸ್‌ಬಾಲಿನ ಕೈಗವಸಿಗಿಂತ ಒಳ್ಳೆಯ ಬಟ್ಟು ಸಿಕ್ಕುವುದಿಲ್ಲ.

ಬೇಸ್‌ಬಾಲ್ ಮೊದಲು ಬರಿಗೈಯ ಆಟವೇ. 1870ರಲ್ಲಿ ಸಿನ್ಸಿನಾಟಿ ತಂಡದ ಡಗ್ ಆಲಿಸನ್, ಗಾಯಗೊಂಡ ಕೈಗೆ ಜಿಂಕೆಚರ್ಮದ ಗವಸು ತೊಟ್ಟು ಆಡಿದನೆಂದು ಆ ಆಟದ ಚರಿತ್ರಕಾರರು ಹೇಳುತ್ತಾರೆ. ಆದರೆ ನನಗೆ ಹೆಚ್ಚು ರುಚಿಸುವುದು 1875ರ ಚಾರ್ಲ್ಸ್ ವೇಟ್ ಎಂಬಾತನ ಪ್ರಸಂಗ. ಈತ ತೊಟ್ಟ ಗವಸು ತೀರ ತೆಳುವಾದದ್ದು. ಗಾಳಿಯಾಡಲೆಂದು ಅಂಗೈಯ ಹಿಂಬದಿಯಲ್ಲಿ ದುಂಡಗೆ ಕತ್ತರಿಸಿತ್ತು. ಬಣ್ಣ ಮಾತ್ರ ಮನುಷ್ಯನ ಚರ್ಮದ ಬಣ್ಣ. ಅಂದರೆ ಅವನ ಚರ್ಮದ ಬಣ್ಣ. ದೂರದಿಂದ ನೋಡಿದವರಿಗೆ ಕಾಣಬಾರದೆಂದೇ ಆ ಬಣ್ಣವನ್ನು ಆರಿಸಿದ್ದ. ಗವಸು ತೊಡುವುದು ಹೇಡಿತನವೆಂದು ನೋಟಕರು ನಕ್ಕಾರು ಎಂಬ ಅಂಜಿಕೆ! ಕೈ ಊದಿದ್ದರ ನೋವಿಗಿಂತ ನಾಚಿಕೆಯ ನೋವು ಹೆಚ್ಚು. ಈ ಪ್ರಸಂಗವನ್ನು 1911ರ ತನ್ನ ಪುಸ್ತಕದಲ್ಲಿ ಬರೆದಿಟ್ಟವನು ಆಲ್ಬರ್ಟ್ ಸ್ಪಾಲ್ಡಿಂಗ್. ತಾನೂ ದೊಡ್ಡ ಆಟಗಾರ. ಎರಡು ವರ್ಷಗಳ ಮೇಲೆ, 1877ರಲ್ಲಿ, ಆತ ಗವಸು ತೊಟ್ಟ. ಆದರೆ ಆತನದು ಎಲ್ಲರಿಗೂ ಎದ್ದು ಕಾಣುವ ಕಪ್ಪು ಗವಸು. ಅದಕ್ಕೆ ಒಂದು ವರ್ಷ ಮೊದಲೇ, 1876ರಲ್ಲಿ, ಷಿಕಾಗೋದಲ್ಲಿ ಆತ ಆಟದ ಸಾಮಾನಿನ ಅಂಗಡಿ ತೆರೆದಿದ್ದ ಎಂಬುದನ್ನೂ ಜೊತೆಯಲ್ಲಿ ಹೇಳಬೇಕು. ವೇಟ್ ಮರೆಮಾಚಿದ್ದನ್ನು ಸ್ಪಾಲ್ಡಿಂಗ್ ಮೆರೆಸಿದ. ನಾಚಿಕೆಯನ್ನು ಗೆದ್ದದ್ದು ಧೈರ್ಯವೋ ವ್ಯಾಪಾರವೋ ಎಂದು ಕೇಳಿದರೆ ಎರಡೂ ಎನ್ನಬೇಕಾದೀತು. ಏನೇ ಇರಲಿ, ಸಾವಿರಾರು ಬೆರಳುಗಳು ಉಳಿದವು. 1894ರಲ್ಲಿ ನಿವೃತ್ತನಾದ ಜೆರ್ರಿ ಡೆನ್ನಿ ಎಂಬಾತನೊಡನೆ ಅಲ್ಲಿ ಬರಿಗೈಯ ಕಾಲ ಮುಗಿಯಿತೆಂದು ಹೇಳುವುದು ವಾಡಿಕೆ.

ಇಲ್ಲಿಯವರೆಗೆ ಗವಸು ಗವಸೇ. ಮುಂದಿನದು ಬೇರೆ ಅಧ್ಯಾಯ. 1889ರಲ್ಲಿ ಹ್ಯಾರಿ ಡೆಕರ್ ಎಂಬ ಕ್ಯಾಚರ್ ದಪ್ಪ ಮೆತ್ತೆಯ, ಬೆರಳುಗಳಿಲ್ಲದ ‘ಮಿಟ್’ಗೆ ಪೇಟೆಂಟ್ ಪಡೆದ. ಗವಸು ಹೀಗೆ ಊದತೊಡಗಿದಾಗ ಆಟದ ಹಿರಿಯರಿಗೆ ದಿಗಿಲಾಗಿ, 1895ರಲ್ಲಿ ಕ್ಯಾಚರ್ ಮತ್ತು ಮೊದಲನೆಯ ಬೇಸಿನವನನ್ನು ಬಿಟ್ಟು ಉಳಿದವರ ಗವಸು 10 ಔನ್ಸ್ ತೂಕ ಮೀರಕೂಡದೆಂದು ನಿಯಮ ಮಾಡಿದರು. ತೂಕಕ್ಕೆ ಅಂಕೆ ಹಾಕಿದರು. ಉಪಾಯಕ್ಕೆ ಹಾಕಲು ಆಗಲಿಲ್ಲ. 1919–20ರಲ್ಲಿ ಸೇಂಟ್ ಲೂಯಿಯ ಬೌಲರ್ (ಅವರ ಭಾಷೆಯಲ್ಲಿ ಪಿಚರ್) ಬಿಲ್ ಡೋಕ್, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಚರ್ಮದ ದಾರಗಳಿಂದ ಒಂದು ಸಣ್ಣ ಬಲೆ ಹೆಣೆಯಬಾರದೇಕೆ ಎಂದು ರಾಲಿಂಗ್ಸ್ ಕಂಪನಿಯವರಿಗೆ ಸೂಚಿಸಿದ. ಆ ಕೈಗವಸು 1953ರವರೆಗೂ ಮಾರಾಟವಾಯಿತು.

ನನ್ನ ದೃಷ್ಟಿಯಲ್ಲಿ ಬೇಸ್‌ಬಾಲ್ ಕೈಗವಸಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಘಟನೆ ಇಲ್ಲ. ಅದುವರೆಗೆ ಚೆಂಡು ಬಂದು ಬೀಳುತ್ತಿದ್ದುದು ಅಂಗೈಯಲ್ಲಿ. ಅಂಗೈಗೂ ಚೆಂಡಿಗೂ ನಡುವೆ ಒಂದು ಪದರ ಚರ್ಮ, ಅಷ್ಟೆ. ಡೋಕ್‌ನ ಬಲೆ ಬಂದ ಮೇಲೆ ಚೆಂಡು ಅಂಗೈಯನ್ನು ಬಿಟ್ಟು ಪಕ್ಕಕ್ಕೆ, ಕೈಯೇ ಇಲ್ಲದ ಜಾಗಕ್ಕೆ ಸರಿಯಿತು. ಕೈ ಇನ್ನು ಹಿಡಿಯಬೇಕಾಗಿಲ್ಲ. ಹಿಡಿಯುವ ಸಾಧನವನ್ನು ಹಿಡಿದುಕೊಂಡಿದ್ದರೆ ಸಾಕು. 1957ರಲ್ಲಿ ವಿಲ್ಸನ್ ಕಂಪನಿ ಹೊರತಂದ ‘ಎ 2000’ ಎಂಬ ಗವಸಿನಲ್ಲಿ ಈ ತತ್ತ್ವ ಪೂರ್ಣವಾಯಿತು. ಅದು ಕೀಲುಳ್ಳ ಬಾಗಿಲಿನಂತೆ ಚೆಂಡಿನ ಮೇಲೆ ಮುಚ್ಚಿಕೊಳ್ಳುತ್ತದೆ. ಎರಡು ಕೈ ಜೋಡಿಸಿ ಹಿಡಿಯುತ್ತಿದ್ದವರು ಒಂದೇ ಕೈ ಚಾಚಿ ಹಿಡಿಯತೊಡಗಿದರು. ಕುಶಲಕಲೆಯ ವಸ್ತುವಾಗಿ ಅದು ಸುಂದರವಾದದ್ದೇ. ಎಣ್ಣೆ ಹಚ್ಚಿ, ಒಳಗೆ ಚೆಂಡಿಟ್ಟು, ಬಿಗಿಯಾಗಿ ಕಟ್ಟಿ ಪಳಗಿಸಿದ ಗವಸು ಮಾಲೀಕನ ಕೈಯನ್ನು ಮಾತ್ರ ಬಲ್ಲದು. ಬೇರೆಯವರ ಕೈಗೆ ಹೆಂಚಿನಂತೆ ಒರಟು. ಇಷ್ಟು ಮುದ್ದಿನ ವಸ್ತುವನ್ನು ತಮ್ಮ ಸರದಿ ಮುಗಿದೊಡನೆ ಮೈದಾನದಲ್ಲೇ ಎಸೆದು ಹೋಗುವ ಪದ್ಧತಿ 1953ರ ವರೆಗೂ ಇತ್ತೆಂಬುದು ತಮಾಷೆಯಾಗಿದೆ. 1954ರಲ್ಲಿ ಅದನ್ನು ನಿಯಮದಿಂದ ನಿಲ್ಲಿಸಬೇಕಾಯಿತು.

ಕ್ರಿಕೆಟ್ ಈ ದಾರಿ ಹಿಡಿಯಲಿಲ್ಲ. ವಿಕೆಟ್ ಕೀಪರ್ ಒಬ್ಬನನ್ನು ಬಿಟ್ಟು ಬೇರೆ ಯಾವ ಕ್ಷೇತ್ರರಕ್ಷಕನೂ ಕೈಗವಸು ತೊಡಕೂಡದೆಂದು ಅದರ ಕಾನೂನು ಹೇಳುತ್ತದೆ. ಬೆರಳಿಗೆ ಪಟ್ಟಿ ಸುತ್ತಿಕೊಳ್ಳಬೇಕಾದರೂ ಅಂಪೈರರ ಒಪ್ಪಿಗೆ ಬೇಕು. ಕೀಪರನ ಗವಸಿಗಾದರೂ ಪೂರ್ಣ ಸ್ವಾತಂತ್ರ್ಯವಿಲ್ಲ. ಕಳೆದ ಶತಮಾನದ ಕೊನೆಯ ಭಾಗದಲ್ಲಿ ಕೀಪರನ ಗವಸಿನಲ್ಲಿಯೂ ಡೋಕ್‌ನ ಬಲೆ ತಲೆ ಹಾಕಿ, ಹೆಬ್ಬೆರಳ ಸಂದು ಜೋಳಿಗೆಯಂತೆ ಅಗಲವಾಗುತ್ತ ಬಂದಿತ್ತು. 2000ದ ಕಾನೂನು ಸಂಹಿತೆ ಅದನ್ನು ತಡೆಯಿತು. ಬೆರಳುಗಳ ನಡುವೆ ಜಾಲವಿರಕೂಡದು. ತೋರುಬೆರಳು ಮತ್ತು ಹೆಬ್ಬೆರಳ ನಡುವೆ ಮಾತ್ರ ಆಧಾರಕ್ಕಾಗಿ ಒಂದೇ ತುಂಡು, ಅದೂ ಹಿಗ್ಗದ ವಸ್ತು. ಅದರ ಮೇಲಂಚು ಎರಡು ಬೆರಳ ತುದಿಗಳನ್ನು ಸೇರಿಸುವ ಸರಳರೇಖೆಯನ್ನು ದಾಟಕೂಡದು. ಹೆಬ್ಬೆರಳನ್ನು ಪೂರ್ತಿ ಚಾಚಿದಾಗ ಅದು ಬಿಗಿಯಾಗಿರಬೇಕು. ಈ ಕಾನೂನಿನ ಶೈಲಿ ಶುಷ್ಕವಾಗಿದ್ದರೂ ಅದರ ಹಿಂದೆ ಒಂದು ರಸದೃಷ್ಟಿ ಇದೆ. ಗವಸು ಗವಸಾಗಿಯೇ ಇರಲಿ, ಬಲೆಯಾಗದಿರಲಿ ಎಂಬುದೇ ಅದರ ಸಾರ. ನಾನು ಇದನ್ನು ಸಂಪೂರ್ಣವಾಗಿ ಒಪ್ಪುತ್ತೇನೆ. ರಾಹುಲ್ ದ್ರಾವಿಡ್ 164 ಟೆಸ್ಟುಗಳಲ್ಲಿ ಹಿಡಿದ 210 ಕ್ಯಾಚುಗಳು (2025ರಲ್ಲಿ ಜೋ ರೂಟ್ ದಾಟುವವರೆಗೆ ಅದೇ ವಿಶ್ವದಾಖಲೆ) ಬಹುಪಾಲು ಸ್ಲಿಪ್ಪಿನಲ್ಲಿ, ಬರಿಗೈಯಲ್ಲಿ ಬಂದವು. ಚೆಂಡು ಬರುವ ವೇಗಕ್ಕೆ ಕೈ ತುಸುವೇ ಹಿಂದೆ ಸರಿದು ಅದನ್ನು ಬರಮಾಡಿಕೊಳ್ಳುವ ಆ ಮೃದುತ್ವವನ್ನು ಯಾವ ಚರ್ಮದ ಜೋಳಿಗೆಯೂ ಕೊಡಲಾರದು.

ಎರಡು ಸಂಪ್ರದಾಯಗಳ ಅಂತರ ಚೆನ್ನಾಗಿ ತಿಳಿಯುವುದು ಒಂದು ಹೋಲಿಕೆಯಿಂದ. ಬೇಸ್‌ಬಾಲಿನಲ್ಲಿ ಹಾಯ್ಟ್ ವಿಲ್ಹೆಲ್ಮ್ ಎಂಬ ಪಿಚರ್ ಇದ್ದ. ಅವನ ಎಸೆತ, ‘ನಕಲ್ ಬಾಲ್’ ಎಂದು ಅದರ ಹೆಸರು, ಸುತ್ತುವುದೇ ಇಲ್ಲವೆನ್ನುವಷ್ಟು ಕಡಿಮೆ ಸುತ್ತುತ್ತ ಗಾಳಿಯಲ್ಲಿ ಎತ್ತ ಬೇಕಾದರತ್ತ ಓಲಾಡುವುದು. ಹೊಡೆಯುವವನಿಗೆ ಹೇಗೋ ಹಾಗೆಯೇ ಹಿಂದೆ ನಿಂತು ಹಿಡಿಯುವ ಸ್ವಂತ ತಂಡದ ಕ್ಯಾಚರನಿಗೂ ಅದು ಶತ್ರು. 1960ರಲ್ಲಿ ಬಾಲ್ಟಿಮೋರ್ ತಂಡದ ಮ್ಯಾನೇಜರ್ ಪಾಲ್ ರಿಚರ್ಡ್ಸ್ ಇದಕ್ಕೆ ಪರಿಹಾರ ಕಂಡುಹಿಡಿದ. ದೋಸೆಹಂಚಿನಷ್ಟು ದೊಡ್ಡದೊಂದು ಮಿಟ್ ಮಾಡಿಸಿದ! ಕೆಲವು ವರ್ಷಗಳ ಮೇಲೆ, ಸುತ್ತಳತೆ 38 ಅಂಗುಲ ಮೀರಬಾರದೆಂದು ನಿಯಮ ಬಂತು. ಆದರೂ 38 ಅಂಗುಲವೇನು ಸಣ್ಣದಲ್ಲ.

ನಮ್ಮಲ್ಲಿ ಇಂಥದೇ ಎಸೆತಗಾರರು ಬಿ. ಎಸ್. ಚಂದ್ರಶೇಖರ್. ಬಾಲ್ಯದಲ್ಲಿ ಪೋಲಿಯೋ ತಗಲಿ ಸೊರಗಿದ ಬಲಗೈಯಿಂದ ಅವರು ಬೌಲ್ ಮಾಡುತ್ತಿದ್ದರು. ಚೆಂಡನ್ನು ಮೈದಾನದಿಂದ ಎಸೆಯುವಾಗ ಎಡಗೈ. ಲೆಗ್‌ಬ್ರೇಕ್, ಗೂಗ್ಲಿ, ಟಾಪ್‌ಸ್ಪಿನ್ನರ್ ಎಲ್ಲವೂ ಮಧ್ಯಮ ವೇಗದ ಬೌಲರನ ರಭಸದಲ್ಲಿ ಬರುವುವು. 58 ಟೆಸ್ಟುಗಳಲ್ಲಿ ಅವರು ಪಡೆದದ್ದು 242 ವಿಕೆಟ್. 1977ರ ಕೊನೆಯಲ್ಲಿ ಆರಂಭವಾದ ಮೆಲ್ಬೋರ್ನ್ ಟೆಸ್ಟಿನಲ್ಲಿ ಎರಡು ಇನ್ನಿಂಗ್ಸಿನಲ್ಲಿಯೂ 52 ರನ್ನಿಗೆ 6 ವಿಕೆಟ್, ತೂಕ ಹಾಕಿದಂತೆ. ಆ ಪಂದ್ಯದಲ್ಲಿ ಸ್ಟಂಪುಗಳ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದವರು ಸೈಯದ್ ಕಿರ್ಮಾನಿ. ಅವರ ಗವಸನ್ನು ಯಾರೂ ದೋಸೆಹಂಚಿನಷ್ಟು ಮಾಡಿಕೊಡಲಿಲ್ಲ. ಹೊರಗೆ ಚರ್ಮ, ಅಂಗೈಗೆ ಟೇಬಲ್ ಟೆನಿಸ್ ಬ್ಯಾಟಿನ ಮೇಲಿರುವಂಥ ಗುಳ್ಳೆಗುಳ್ಳೆಯ ರಬ್ಬರು, ಒಳಗೊಂದು ಜೊತೆ ಮೆತುಚರ್ಮದ ಒಳಗವಸು. ಆ ಕಾಲದ ಕೀಪರನ ಸಾಮಗ್ರಿ ಇಷ್ಟೆ. ಎರಡು ಗಜ ದೂರದಲ್ಲಿ ಕೂತು, ಬ್ಯಾಟ್ಸ್‌ಮನ್‌ನ ದೇಹ ಅಡ್ಡವಾಗಿರುವಾಗ, ಎತ್ತ ತಿರುಗೀತೆಂದು ಎಸೆದವರಿಗೇ ಪೂರ್ತಿ ಗೊತ್ತಿಲ್ಲದ ಚೆಂಡನ್ನು ಹಿಡಿಯಬೇಕು. ಅಲ್ಲಿ ಕೆಲಸ ಮಾಡುವುದು ಕಣ್ಣು ಮತ್ತು ಪಾದ. ಕೈ ಕೊನೆಗೆ ಬಂದು ಸಹಿ ಹಾಕುತ್ತದೆ. 1981–82ರಲ್ಲಿ ಇಂಗ್ಲೆಂಡಿನ ಎದುರು ಸತತವಾಗಿ ಮೂರು ಟೆಸ್ಟುಗಳಲ್ಲಿ, ಎದುರಾಳಿ 1,964 ರನ್ ಗಳಿಸಿದರೂ, ಕಿರ್ಮಾನಿ ಒಂದು ಬೈ ರನ್ನನ್ನೂ ಬಿಟ್ಟುಕೊಡಲಿಲ್ಲ. ಅಮೆರಿಕದವರು ಗವಸನ್ನು ಹಿಗ್ಗಿಸಿ ಬಿಡಿಸಿದ ಲೆಕ್ಕವನ್ನು ನಮ್ಮವರು ಮನುಷ್ಯನನ್ನು ಪಳಗಿಸಿ ಬಿಡಿಸಿದರು. ಕಲೆಯ ದೃಷ್ಟಿಯಿಂದ ಎರಡನೆಯದೇ ಮೇಲು.

ಇಷ್ಟು ಹೇಳಿದ ಮೇಲೆ ನಮ್ಮ ಬರಹಗಾರರೊಡನೆ ನನಗಿರುವ ತಕರಾರನ್ನು ಹೇಳಬಹುದು. ಕಿರ್ಮಾನಿಯವರ ವಿಷಯ ಬಂದಾಗಲೆಲ್ಲ ನಮ್ಮ ಪತ್ರಿಕೆಗಳು ತಪ್ಪದೆ ಹೇಳುವ ಸಂಗತಿಯೊಂದಿದೆ. ಹುಡುಗನಾಗಿದ್ದಾಗ ಬೀದಿಯ ಆಟದಲ್ಲಿ ಅವರು ಇಟ್ಟಿಗೆಗಳನ್ನೇ ಕೈಗವಸಾಗಿ ಹಿಡಿದು ಕೀಪಿಂಗ್ ಮಾಡುತ್ತಿದ್ದರು. ಅವರೇ ಹೇಳಿಕೊಂಡ ಮಾತು. ಅವರು ಹೇಳಿಕೊಳ್ಳುವುದರಲ್ಲಿ ಒಂದು ಚೆಲುವಿದೆ, ಹಕ್ಕೂ ಇದೆ. ಮುಲ್ಕಿಯಲ್ಲಿ ಹುಟ್ಟಿದ ಬುಧಿಸಾಗರ ಕುಂದರನ್ ಅವರ ಕಥೆಯೂ ಇದೇ ಜಾತಿಯದು. 1960ರ ಜನವರಿಯಲ್ಲಿ ಮುಂಬಯಿಯಲ್ಲಿ ಆಸ್ಟ್ರೇಲಿಯದ ಎದುರು ಮೊದಲ ಟೆಸ್ಟ್ ಆಡಲು ಇಳಿದಾಗ ಅವರ ಕೈಯಲ್ಲಿದ್ದದ್ದು ಎರವಲು ಗವಸು. ಕೊಟ್ಟವರು ನರೇನ್ ತಮ್ಹಾಣೆ; ಯಾರ ಸ್ಥಾನಕ್ಕೆ ಕುಂದರನ್ ಬಂದರೋ ಅವರೇ. ಮನೆಯಲ್ಲಿ ಜಾಗ ಸಾಲದೆ ಹಿಂದಿನ ರಾತ್ರಿ ಉದ್ಯಾನದಲ್ಲಿ ಮಲಗಿದ್ದರಂತೆ. ನಾಲ್ಕು ವರ್ಷಗಳ ಮೇಲೆ ಅದೇ ಕುಂದರನ್ ಮದರಾಸಿನಲ್ಲಿ ಇಂಗ್ಲೆಂಡಿನ ಎದುರು 192 ರನ್ ಹೊಡೆದರು.

ಈ ಕಥೆಗಳನ್ನು ಬರೆಯುವವರು ಇಟ್ಟಿಗೆಯನ್ನೇ ಗುರುವಾಗಿ ಮಾಡಿಬಿಡುತ್ತಾರೆ. ಇಟ್ಟಿಗೆ ಹಿಡಿದದ್ದರಿಂದಲೇ ಕಿರ್ಮಾನಿ ಕಿರ್ಮಾನಿಯಾದರು, ಎರವಲು ಗವಸಿನಿಂದಲೇ ಕುಂದರನ್ ಬೆಳೆದರು ಎಂಬ ಧ್ವನಿ. ಹಾಗಿದ್ದರೆ ಗವಸಿನ ಅಂಗಡಿಗಳನ್ನು ಮುಚ್ಚಿ ಇಟ್ಟಿಗೆಗೂಡುಗಳನ್ನು ತೆರೆಯಬಹುದು! ಇಟ್ಟಿಗೆ ಹಿಡಿದು ಬೆರಳು ಮುರಿದುಕೊಂಡು ಆಟ ಬಿಟ್ಟ ಹುಡುಗರು ಎಷ್ಟು ಮಂದಿ ಎಂದು ಯಾರೂ ಬರೆಯುವುದಿಲ್ಲ, ಏಕೆಂದರೆ ಅವರಿಗೆ ಸಂದರ್ಶನವಿಲ್ಲ. ಕೊರತೆಯನ್ನು ಸಾಧನೆಯ ಮೂಲವೆಂದು ಹೊಗಳುವ ಈ ಬಗೆಯ ಬರಹವನ್ನು ನಾನು ಕೆಟ್ಟ ಸಾಹಿತ್ಯವೆಂದು ಕರೆಯುತ್ತೇನೆ. ಅದು ಓದುವವನ ಕಣ್ಣಲ್ಲಿ ನೀರು ತರಿಸಿ, ಅವನು ಕೇಳಬೇಕಾದ ಪ್ರಶ್ನೆಯನ್ನು ಕೇಳದಂತೆ ಮಾಡುತ್ತದೆ. ಚಾರ್ಲ್ಸ್ ವೇಟ್‌ನನ್ನು ನೋಡಿ ನಗುವವರಿದ್ದರಲ್ಲ, ಅವರ ದನಿಯೇ ಇಲ್ಲಿ ಭಕ್ತಿಯ ವೇಷ ತೊಟ್ಟು ಬಂದಿದೆ. ದ್ರಾವಿಡರ ಬರಿಗೈ ಬೇರೆ, ಬೀದಿಯ ಹುಡುಗನ ಬರಿಗೈ ಬೇರೆ. ಮೊದಲನೆಯದು ಕಾನೂನು ವಿಧಿಸಿದ ನಿಯಮ, ಕಲೆಗೆ ಬೇಕಾದ ಛಂದಸ್ಸಿನ ಹಾಗೆ. ಎರಡನೆಯದು ಇಲ್ಲದ್ದರಿಂದ ಬಂದದ್ದು.

ಮಧುಗಿರಿಯಿಂದ ಶಿರಾಕ್ಕೆ ಹೋಗುವ ದಾರಿಯಲ್ಲಿ ಬಡವನಹಳ್ಳಿ ಎಂಬ ಊರಿದೆ. ನೆಂಟರ ಮನೆಯ ಕಾರ್ಯಕ್ಕೆಂದು ಹೋದವನು ಸಂಜೆ ಕಡಲೆಕಾಯಿ ಕಿತ್ತ ಹೊಲದ ಬದುವಿನ ಮೇಲೆ ಕೂತು ಹುಡುಗರ ಆಟ ನೋಡಿದೆ. ಆಟ ಚೆನ್ನಾಗಿತ್ತು. ಹನ್ನೆರಡು ಹದಿಮೂರು ವರ್ಷದ ಕೀಪರೊಬ್ಬನ ಪಾದಗಳ ಚಲನೆ ನನ್ನ ಗಮನ ಸೆಳೆಯಿತು. ಚೆಂಡಿಗೆ ಮೊದಲೇ ಅವನು ಅಲ್ಲಿರುತ್ತಿದ್ದ. ಕೈಯಲ್ಲಿ ಗವಸಿರಲಿಲ್ಲ. ಆಟ ಮುಗಿದ ಮೇಲೆ ಕರೆದು ಕೇಳಿದೆ. “ಟೆನಿಸ್ ಬಾಲ್‌ಗೆ ಗ್ಲೌಸ್ ಹಾಕ್ಕಂಡ್ರೆ ನಿಲ್ಲಕಿಲ್ಲ ಸಾರ್, ಪುಟ್ದು ಆಚೆ ಹೋಯ್ತದೆ” ಎಂದ. ಅಷ್ಟು ದೊಡ್ಡವನಾಗಿಯೂ ಇದು ತಿಳಿಯದೆ ಎಂಬ ಆಶ್ಚರ್ಯ ಅವನ ಮುಖದಲ್ಲಿತ್ತು. ಚರ್ಮದ ಚೆಂಡಿನಲ್ಲಿ ಆಡಿದ್ದೀಯಾ ಎಂದರೆ, “ಲೆದರ್ ಬಾಲ್ ಆಡಾಕೆ ತುಮಕೂರ್ಗೆ ಹೋಗ್ಬೇಕು ಸಾರ್” ಎಂದು ಸೈಕಲ್ ಹತ್ತಿದ.

ಅವನು ಹೇಳಿದ ಮಾತನ್ನು ಯೋಚಿಸಿದಷ್ಟೂ ಅದರ ವಿಸ್ತಾರ ಕಾಣುತ್ತದೆ. ಗಟ್ಟಿ ಚೆಂಡು, ಮೆತ್ತನೆಯ ಕೈ. ಇದು ಮೂಲ ಸಮಸ್ಯೆ. ಅಮೆರಿಕದವರು ಕೈಯನ್ನು ಬದಲಾಯಿಸಿದರು. ಇಂಗ್ಲಿಷರು ಒಬ್ಬನಿಗೆ ಗವಸು ಕೊಟ್ಟು ಹತ್ತು ಮಂದಿಗೆ ಕಾನೂನು ಕೊಟ್ಟರು. ನಮ್ಮ ಹಳ್ಳಿಗಳು ಚೆಂಡನ್ನೇ ಬದಲಾಯಿಸಿದವು. ಟೆನಿಸ್ ಚೆಂಡು ಬಂದೊಡನೆ ಗವಸು, ಪ್ಯಾಡು, ಹೆಲ್ಮೆಟ್ ಎಲ್ಲದರ ಖರ್ಚೂ ಒಂದೇ ಏಟಿಗೆ ಹೋಯಿತು. ಇದಕ್ಕಿಂತ ಮಿತವ್ಯಯದ ವಿನ್ಯಾಸವನ್ನು ನಾನು ಕಂಡಿಲ್ಲ. ಕರ್ನಾಟಕದ ಹಳ್ಳಿಹಳ್ಳಿಯಲ್ಲಿ ಟೆನಿಸ್ ಚೆಂಡಿನ ಪಂದ್ಯಾವಳಿಗಳು ನಡೆಯುತ್ತವೆ. ಪೆಂಡಾಲು, ಮೈಕು, ವೀಕ್ಷಕ ವಿವರಣೆ, ಬಹುಮಾನ ಎಲ್ಲ ಉಂಟು. ಅದನ್ನು ಕ್ರಿಕೆಟ್ಟಿನ ಬಡ ತಮ್ಮನೆಂದು ನೋಡುವವರು ಒಂದು ದಿನ ಹೋಗಿ ನೋಡಿ ಬರಲಿ.

ಆದರೆ ಈ ಪರಿಹಾರಕ್ಕೂ ಬೆಲೆಯಿದೆ. ಅದನ್ನು ತೆರುವುದು ಆ ಕೀಪರನಂಥ ಹುಡುಗರು. ಟೆನಿಸ್ ಚೆಂಡು ಎದೆಯೆತ್ತರಕ್ಕೆ ಪುಟಿಯುತ್ತದೆ, ಆದ್ದರಿಂದ ಕೀಪರ್ ಬೇಗ ಎದ್ದು ನಿಲ್ಲುವುದನ್ನು ಕಲಿಯುತ್ತಾನೆ. ಚರ್ಮದ ಚೆಂಡಿಗೆ, ಅದರಲ್ಲೂ ಸ್ಪಿನ್ನಿಗೆ, ಕೊನೆಯ ಕ್ಷಣದವರೆಗೆ ಕೂತಿರಬೇಕು. ಟೆನಿಸ್ ಚೆಂಡನ್ನು ಬೆರಳು ಮಡಿಚಿ ಗಪ್ಪನೆ ಅಮುಕದಿದ್ದರೆ ಹಾರಿಹೋಗುತ್ತದೆ. ಚರ್ಮದ ಚೆಂಡನ್ನು ಹಾಗೆ ಅಮುಕಲು ಹೋದರೆ ಬೆರಳ ತುದಿಗೆ ಬಡಿಯುತ್ತದೆ, ಅದನ್ನು ಬೆರಳು ನೆಲದತ್ತ ಬಿಟ್ಟು ಅಂಗೈಯಲ್ಲಿ ಬರಮಾಡಿಕೊಳ್ಳಬೇಕು. ಹತ್ತು ವರ್ಷ ಒಂದನ್ನು ರೂಢಿಸಿಕೊಂಡ ಕೈ ಆಯ್ಕೆಯ ಒಂದು ದಿನದಲ್ಲಿ ಇನ್ನೊಂದಕ್ಕೆ ಒಗ್ಗುವುದಿಲ್ಲ. ರಾಜ್ಯ ಕ್ರಿಕೆಟ್ ಸಂಸ್ಥೆಗೆ ತುಮಕೂರು ವಲಯವೆಂಬುದಿದೆ. ಆಯ್ಕೆಗೆ ಹೋಗುವ ದಾರಿ ಇದೆ, ಬಸ್ಸೂ ಇದೆ. ಆದರೆ ಅಲ್ಲಿ ಬೌಲರನ ಕೈಯಲ್ಲಿರುವುದು ಚರ್ಮದ ಚೆಂಡು. ಹುಡುಗ ಅಂದೇ ಮೊದಲ ಬಾರಿಗೆ ಯಾರದೋ ಗವಸಿನಲ್ಲಿ ಕೈ ತೂರಿಸಿರುತ್ತಾನೆ. ನೋಡುವವರು ‘ಕೈ ಸರಿಯಿಲ್ಲ’ ಎಂದು ಬರೆದುಕೊಳ್ಳುತ್ತಾರೆ. ಅವನ ಕೈ ಸರಿಯಾಗಿಯೇ ಇದೆ, ಬೇರೆ ಚೆಂಡಿಗೆ.

ಯಾರದೋ ಗವಸು ಎಂದೆ. ಇಲ್ಲಿ ವಿನ್ಯಾಸದ ಮಾತು ಮತ್ತೆ ಬರುತ್ತದೆ. ನಮ್ಮ ದೇಶದಲ್ಲಿ ಗವಸುಗಳು ಹೆಚ್ಚಾಗಿ ತಯಾರಾಗುವುದು ಮೀರತ್ ಮತ್ತು ಜಲಂಧರಗಳಲ್ಲಿ. 1947ರ ವಿಭಜನೆಯ ಕಾಲದಲ್ಲಿ ಸಿಯಾಲ್‌ಕೋಟಿನಿಂದ ಬಂದ ಕಸುಬುದಾರರು ಅಲ್ಲಿ ಬೇರೂರಿದರು. ದೊಡ್ಡವರ ಅಳತೆ, ಯುವಕರ ಅಳತೆ, ಹುಡುಗರ ಅಳತೆ ಎಂದು ಅವರು ಬೇರೆಬೇರೆ ಮಾಡುತ್ತಾರೆ. ಶಾಲೆಯ ಕಿಟ್ಟಿಗೆ ಬರುವುದು ಸಾಮಾನ್ಯವಾಗಿ ಒಂದೇ ಜೊತೆ, ದೊಡ್ಡವರದು, ಏಕೆಂದರೆ ಅದು ‘ಎಲ್ಲರಿಗೂ ಆಗುತ್ತದೆ’. ಆಗುವುದಿಲ್ಲ. ಹನ್ನೆರಡು ವರ್ಷದ ಕೈ ಅದರೊಳಗೆ ಈಜುತ್ತದೆ. ಗವಸಿನ ಬೆರಳು ಮುಗಿಯುವ ಮೊದಲೇ ಹುಡುಗನ ಬೆರಳು ಮುಗಿದು, ತುದಿಯ ಖಾಲಿ ಚರ್ಮ ಚೆಂಡು ಬಡಿದೊಡನೆ ಹಿಂದಕ್ಕೆ ಬಾಗುತ್ತದೆ. ಹೆಣ್ಣುಮಕ್ಕಳಿಗಂತೂ ಈ ತೊಂದರೆ ದೊಡ್ಡವರಾದ ಮೇಲೂ ತಪ್ಪಿದ್ದಲ್ಲ. ಬ್ಯಾಟಿಂಗ್ ಗವಸಿನದು ಇನ್ನೊಂದು ಕಥೆ. ಹೆಬ್ಬೆರಳಿನ ಹೆಚ್ಚಿನ ರಕ್ಷೆಯನ್ನು ಬಲಗೈ ಆಟಗಾರನಿಗೆ ಒಂದು ಕೈಗೆ, ಎಡಗೈ ಆಟಗಾರನಿಗೆ ಇನ್ನೊಂದು ಕೈಗೆ ಹೊಲಿದಿರುತ್ತಾರೆ. ಕಿಟ್ಟಿನಲ್ಲಿ ಬಲಗೈಯವರದು ಮಾತ್ರ ಇದ್ದರೆ ಎಡಗೈ ಹುಡುಗ ಚೆಂಡು ಬಡಿಯುವ ಹೆಬ್ಬೆರಳನ್ನು ಬಿಟ್ಟು ಬಡಿಯದ ಹೆಬ್ಬೆರಳನ್ನು ಕಾಪಾಡಿಕೊಂಡು ಆಡಬೇಕು.

ಸ್ಪಾಲ್ಡಿಂಗ್ ಕಪ್ಪು ಗವಸು ತೊಟ್ಟು ಮೈದಾನಕ್ಕೆ ಇಳಿದಾಗ ಯಾರೂ ಮೂದಲಿಸಲಿಲ್ಲವೆಂದು ಆತನೇ ಬರೆದಿದ್ದಾನೆ. ಅಷ್ಟು ಹೊತ್ತಿಗೆ ಆತ ಹೆಸರಾಂತ ಆಟಗಾರ. ಮೂದಲಿಸುವ ಎದೆ ಯಾರಿಗಿದ್ದೀತು? ಬಡವನಹಳ್ಳಿಯ ಕೀಪರನಿಗೆ ಹುಡುಗರ ಅಳತೆಯ ಒಂದು ಜೊತೆ ಗವಸು, ಒಳಗವಸು, ವಾರಕ್ಕೆರಡು ಸಂಜೆ ಚರ್ಮದ ಚೆಂಡು ಇಷ್ಟು ಒದಗಿಸಲು ತಾಲ್ಲೂಕಿನ ಒಂದು ಪ್ರೌಢಶಾಲೆಗೆ ತಗಲುವ ಖರ್ಚು, ಆ ಹೊಲದಲ್ಲೇ ಬೇಸಿಗೆಯಲ್ಲಿ ನಡೆಯುವ ಪಂದ್ಯಾವಳಿಯ ಪೆಂಡಾಲಿನ ಬಾಡಿಗೆಗಿಂತ ಹೆಚ್ಚಾಗಲಾರದು. ಆ ಪಾದಗಳಿಗೆ ಹೇಳಿಕೊಡಬೇಕಾದದ್ದು ಏನೂ ಉಳಿದಂತೆ ನನಗೆ ಕಾಣಲಿಲ್ಲ.